ಡೆಲಿಯಾಳನ್ನು ಮಣ್ಣು ಮಾಡುವ ಹೊತ್ತು

ಕಿವಿಗೆ ಸಿಕ್ಕಿಸಿದ ಯಂತ್ರದಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು, ಗಾಜಿನ ಹಿಂದಿನ ದುಭಾಷಿ ಇರಬೇಕು, ಪಾಪ, ಅವಳಿಗೂ ನನ್ನ ಹಾಗೆ ಬಾಯಿ ಒಣಗಿದೆ, ಮತ ಎಣಿಸುತ್ತಿದ್ದಾರೆ, ಇನ್ನು ಹತ್ತು ನಿಮಿಷಕ್ಕೆ ನಾನು ಯುರೋಪಿನ ಸಂಸತ್ತಿನ ಅಧ್ಯಕ್ಷ, ಅಥವಾ ಅಲ್ಲ — ಅಬ್ಬಾ, ನಾನು, ಫಿಂಟನ್ ಗ್ರೀಲಿ, ಐರ್ಲೆಂಡಿನ ಮೇಯೋ ಜಿಲ್ಲೆಯ ರಸ್ತೆಗುಂಡಿ ಮುಚ್ಚಿಸುತ್ತಿದ್ದವನು, ಇಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಕೆಮ್ಮಿದರೂ ಇಪ್ಪತ್ತನಾಲ್ಕು ಭಾಷೆಯವರು ತಲೆಯೆತ್ತುತ್ತಾರೆ, ಎಲ್ಲಿಂದ ಎಲ್ಲಿಗೆ ಬಂದೆನಪ್ಪಾ, ಮತ್ತು ಇದೇ ಹೊತ್ತಿಗೆ ಊರಲ್ಲಿ ಡೆಲಿಯಾ ಬ್ಯಾರೆಟ್‌ಳನ್ನು ಮಣ್ಣು ಮಾಡುತ್ತಿದ್ದಾರೆ, ನಾನಿಲ್ಲ. ಮೂವತ್ತು ವರ್ಷದಲ್ಲಿ ನಾನು ಹೋಗದ ಮೊದಲ ಸಾವು. ನಮ್ಮ ಕಡೆ ರಾಜಕಾರಣಿ ಮದುವೆಗೆ ಹೋಗದಿದ್ದರೆ ಕ್ಷಮೆಯುಂಟು, ಸಾವಿಗೆ ಹೋಗದಿದ್ದರೆ ಇಲ್ಲ, ಸಾಲಲ್ಲಿ ನಿಂತು ಮನೆಯವರ ಒಬ್ಬೊಬ್ಬರ ಕೈ ಹಿಡಿದು ನಿಮಗೆ ಹೀಗಾಗಬಾರದಿತ್ತು ಅನ್ನಬೇಕು. ಮೊದಲ ಚುನಾವಣೆಯಲ್ಲಿ ಆ ಆತುರಕ್ಕೇ ತಪ್ಪು ಮನೆಗೆ ನುಗ್ಗಿದ್ದೆ, ಸತ್ತ ಮೀನುಗಾರನೊಬ್ಬನ ಮನೆ ಅಂದುಕೊಂಡು, ಎಲ್ಲರ ಕೈ ಕುಲುಕಿ, ಎಂಥಾ ಧೈರ್ಯವಂತ, ಬಿರುಗಾಳೀಲೂ ದೋಣಿ ಇಳಿಸ್ತಿದ್ದ ಅಂದೆ — ಅಯ್ಯೋ ಮಾರಾಯ, ನನ್ನ ಗಂಡ ಪೋಸ್ಟ್‌ಮ್ಯಾನು, ನೀರು ಕಂಡ್ರೆ ಓಡ್ತಿದ್ದ! ಡೆಲಿಯಾ, ಗಂಡನ ಹೆಣದ ಪಕ್ಕ ಕೂತೇ ನಕ್ಕುಬಿಟ್ಟಳು. ದಾರಿ ತಪ್ಪಿಯಾದ್ರೂ ಬಂದ್ಯಲ್ಲ, ಕೂತ್ಕೋ, ಟೀ ಕುಡಿ. ಆರು ಮತದಿಂದ ಗೆದ್ದೆ, ಅವಳ ಮನೆಯಲ್ಲೇ ಏಳು ಮತ ಇದ್ದವು, ಆಮೇಲೆ ಜಿಲ್ಲೆ, ಆಮೇಲೆ ರಾಜಧಾನಿ ಡಬ್ಲಿನ್, ಆಮೇಲೆ ಇದು. ನಿನ್ನೆ ಅವಳ ಮಗ ಏಮನ್ ಫೋನ್ ಮಾಡಿದ್ದ, ಬರ್ತೀಯಲ್ಲ? ನಾಳೆ ಇಲ್ಲಿ ಮತದಾನ ಕಣೋ, ಅಂದೆ. ಆಯ್ತು ಬಿಡಪ್ಪ, ದೊಡ್ಡೋನಾದೆ, ಅಂದು ಫೋನ್ ಇಟ್ಟ. ಚಪ್ಪಲಿಯಲ್ಲಿ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ, ಊರಿನವನಾಗಿ ಉಳಿದಿದ್ದೇನೋ ಇಲ್ಲವೋ ಎಂಬುದನ್ನು ಈ ಸಭೆ ಎಣಿಸಿ ಹೇಳುವುದಿಲ್ಲವಲ್ಲ.

ಮುನ್ನೂರ ಎಪ್ಪತ್ತೆಂಟು, ಅರ್ಧಕ್ಕಿಂತ ಮೇಲೆ, ಅಂದರೆ ಗೆದ್ದೆ, ಗೆದ್ದೆನೇ, ಇಡೀ ಸಭಾಂಗಣ ಎದ್ದು ನಿಂತಿದೆ, ಇಷ್ಟು ದೇಶಗಳ ಜನ ನನಗಾಗಿ ಎದ್ದು ನಿಂತಿದ್ದಾರೆ ದೇವರೇ, ಈಗ ಸಾಲುಗಟ್ಟಿ ಬರುತ್ತಿದ್ದಾರೆ, ಒಬ್ಬೊಬ್ಬರೇ ಕೈ ಚಾಚುತ್ತ, ನಾನು ನಿಂತಲ್ಲೇ ನಿಂತಿದ್ದೇನೆ, ಸಾವಾದ ಮನೆಯವರು ನಿಲ್ಲುವ ಹಾಗೆ — ಲಾಟ್ವಿಯಾದ ಮುದುಕಿ ಕೈ ಹಿಡಿದಳು, ನನ್ನ ಬಾಯಿ ತಾನಾಗಿ, ನಮ್ಮ ಐರಿಶ್‌ನಲ್ಲಿ, ನಿಮಗೆ ಹೀಗಾಗಬಾರದಿತ್ತು ಅಂದುಬಿಟ್ಟಿತು. ಕಿವಿಯ ಯಂತ್ರ ನಾನು ಏಳುವಾಗಲೇ ತೆಗೆದಿಟ್ಟಿದ್ದೆ, ಅವಳ ಕಿವಿಯಲ್ಲೂ ಇಲ್ಲ. ಒಂದು ಮಾತೂ ಅವಳಿಗೆ ತಿಳಿದಿರಲಾರದು. ನನ್ನ ಮುಖ ನೋಡಿದಳು, ನಗು ನಿಲ್ಲಿಸಿದಳು, ಇನ್ನೊಂದು ಕೈಯನ್ನೂ ತಂದು ನನ್ನ ಕೈ ಮೇಲಿಟ್ಟಳು, ಹಿಂದೆ ಸಾಲು ಕಾಯುತ್ತಿದೆ, ಆ ಕೈ, ಮೇಲಿನ ಆ ಕೈ, ಬೆಚ್ಚಗೆ, ಬಿಡುತ್ತಿಲ್ಲ, ಆ ಕೈ