ಉಜ್ಜನಪ್ಪನವರ ಲವಂಗದೆಣ್ಣೆ ಚಿಕಿತ್ಸೆ

ಶಿವಮೊಗ್ಗದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುವ ಪ್ರಿಯಂವದಾ ಮಾಡಿದ ತಪ್ಪು ಇಷ್ಟೇ, ತನ್ನ ಸಂಶೋಧನೆಯನ್ನು ಪತ್ರಿಕೆಯವನಿಗೆ ವಿವರಿಸಿದ್ದು. ಚರ್ಮಕ್ಕೆ ತುರಿಕೆ ಹಚ್ಚುವ, ಮಾಮೂಲಿ ಔಷಧಿಗೆ ಜಗ್ಗದ ಯೀಸ್ಟ್ ಎಂಬ ಶಿಲೀಂಧ್ರ ಲವಂಗದೆಣ್ಣೆಗೆ ಸತ್ತಿತ್ತು. "ಸತ್ತಿದ್ದು ಗಾಜಿನ ತಟ್ಟೆಯಲ್ಲಿ. ಮನುಷ್ಯರ ಮೇಲೆ ಇನ್ನೂ ಪರೀಕ್ಷೆ ಆಗಿಲ್ಲ" ಎಂದು ಒತ್ತಿ ಹೇಳಿದ್ದಳು. ಪತ್ರಿಕೆಯಲ್ಲಿ ಜಾಗದ ಅಭಾವ ನೋಡಿ. ಅದೊಂದು ಮಾತು ಬಿಟ್ಟು ಉಳಿದದ್ದೆಲ್ಲ ಅಚ್ಚಾಯಿತು.

ಭದ್ರಾವತಿಯಲ್ಲಿದ್ದ ಅವಳ ಸೋದರಮಾವ ಉಜ್ಜನಪ್ಪ ಅದನ್ನು ಓದಿ ಎದೆಯುಬ್ಬಿಸಿದರು. ಕಾರ್ಖಾನೆಯಿಂದ ನಿವೃತ್ತರಾದ ಈ ಮಹಾಶಯರಿಗೆ ಸಕ್ಕರೆ ಕಾಯಿಲೆಯೂ ಇತ್ತು, ಜಿಲೇಬಿಯ ಮೇಲೆ ಪ್ರೀತಿಯೂ ಇತ್ತು, ತೊಡೆಸಂದಿಯಲ್ಲಿ ತಿಂಗಳುಗಟ್ಟಲೆ ತುರಿಕೆಯೂ ಇತ್ತು. ಡಾಕ್ಟರಿಗೆ ತೋರಿಸಲು ನಾಚಿಕೆ. ಮೆಡಿಕಲ್ ಶಾಪಿನವನು ಕೊಟ್ಟದ್ದನ್ನೆಲ್ಲ ನುಂಗಿ, ಬಳಿದು ಮುಗಿಸಿದ್ದರು.

ಮರುದಿನವೇ ಅತ್ತೆ ಹಾಲಮ್ಮನ ಫೋನು ಬಂತು. "ಪ್ರಿಯಾ, ಪೇಪರ್ ಓದಿ ಲವಂಗದೆಣ್ಣೆ ಹಚ್ಕೊಂಡು ನಿಮ್ಮ ಮಾವ ಕೂರ್ತಾ ಇಲ್ಲ ಕಣೆ. ಫ್ಯಾನ್ ಕೆಳಗೆ ಪಂಚೆ ಎತ್ಕೊಂಡು ನಿಂತಿದಾರೆ."

ಬಸ್ಸಿನುದ್ದಕ್ಕೂ ಪ್ರಿಯಂವದಾಳಿಗೆ ನಗು ತಡೆಯಲಾಗಲಿಲ್ಲ. ಮಾವನ ಬಾಡಿದ ಮುಖ ಕಂಡಾಗ ಮಾತ್ರ ನಗು ನಿಂತಿತು.

"ಎಷ್ಟು ಹಚ್ಚಿದ್ರಿ ಮಾವ?"

"ಎಷ್ಟು ಅಂದ್ರೆ? ಬಾಟ್ಲಿ."

"ಏನೂ ಬೆರೆಸದೆ?"

"ಬೆರೆಸೋಕೆ ಅದೇನು ಮಜ್ಜಿಗೆನಾ ಮಾರಾಯ್ತಿ?"

ಅವರನ್ನು ಹೊರಡಿಸಿಕೊಂಡು ಶಿವಮೊಗ್ಗದ ದುರ್ಗಿಗುಡಿಯ ಚರ್ಮವೈದ್ಯೆಯ ಬಳಿ ಕರೆದೊಯ್ದಳು. ಡಾಕ್ಟರು ಹೆಂಗಸೆಂದು ತಿಳಿದು ಉಜ್ಜನಪ್ಪ ಬಾಗಿಲಲ್ಲೇ ಹಿಂದೆ ಸರಿದರು. ಉರಿ ಅವರನ್ನು ಮುಂದೆ ತಳ್ಳಿತು. ಮೊದಲು ಸುಟ್ಟ ಗಾಯಕ್ಕೆ ಮದ್ದಾಯಿತು. ಪರೀಕ್ಷೆಯ ವರದಿ ಬಂದಾಗ ಡಾಕ್ಟರು ಹೇಳಿದರು: "ಇದು ಯೀಸ್ಟೇ. ನೀವು ಡಾಕ್ಟರನ್ನ ಕೇಳದೆ ನುಂಗಿದ ಮಾತ್ರೆಗೆಲ್ಲ ಈಗ ಬಗ್ಗಲ್ಲ. ಬೇರೆ ಔಷಧಿ ಕೊಡ್ತೀನಿ. ಆದರೆ ಶುಗರ್ ಇಳೀಲೇಬೇಕು."

ಜಿಲೇಬಿ ನಿಂತಿತು, ನಿಧಾನಕ್ಕೆ ತುರಿಕೆಯೂ ನಿಂತಿತು. ಉಜ್ಜನಪ್ಪ ಜಗಲಿಯಲ್ಲಿ ಅಕ್ಕಪಕ್ಕದವರನ್ನು ಸೇರಿಸಿ ಉಪನ್ಯಾಸಕ್ಕಿಳಿದರು.

"ನಮ್ಮ ಹುಡುಗಿ ಎಣ್ಣೆ ರೋಗದ ಬೇರನ್ನೇ ಸುಟ್ಹಾಕ್ತು. ಮಾತ್ರೆ ಬರೀ ಕಸ ಗುಡಿಸ್ತು, ಅಷ್ಟೇ!"

ಕಾಫಿ ಕೊಡಲು ಬಂದಿದ್ದ ಪ್ರಿಯಂವದಾ ಬಾಯಿ ತೆರೆಯುವಷ್ಟರಲ್ಲಿ ಹಾಲಮ್ಮ ಒಳಗಿನಿಂದಲೇ ಕೂಗಿದರು: "ಸುಟ್ಟಿದ್ದು ಬೇರಲ್ಲ, ಚರ್ಮ! ಕೂರೋಕೂ ಆಗದೆ ಅಳ್ತಿದ್ದನ್ನ ನೋಡ್ದೋಳು ನಾನು!"

ಸಭೆ ಬರಖಾಸ್ತಾಯಿತು. ಪಕ್ಕದ ಮನೆಯ ನಾಗಯ್ಯ ಮಾತ್ರ ಚಪ್ಪಲಿ ಹುಡುಕುವ ನೆಪದಲ್ಲಿ ಉಳಿದು, ಪ್ರಿಯಂವದಾಳ ಬಳಿ ಮೆಲ್ಲಗೆ ಕೇಳಿದರು:

"ಆ ದುರ್ಗಿಗುಡಿ ಡಾಕ್ಟ್ರು ಎಷ್ಟೊತ್ತಿಗೆ ಸಿಗ್ತಾರಮ್ಮ? ನನಗಲ್ಲ... ನನ್ನ ಸ್ನೇಹಿತರೊಬ್ಬರಿಗೆ."