ಮುಚ್ಚಳದ ಮೇಲಿನ ಭಂಡಾರ

"ಕಿವಿ ಹಿಡ್ಕೊಳ್ರಿ ಸೋಮವ್ವಾರ. ಮಡಚ್ರಿ. ಮುರೀತೇನು?"

ಹಿಪ್ಪರಗಿಯ ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದ ಸೋಮವ್ವ ಕಿವಿಯನ್ನು ಮಡಚಿ ಬಿಟ್ಟಳು. ಅದು ಮೊದಲಿನಂತೆ ಎದ್ದು ನಿಂತಿತು.

"ಶಾರ್ಕ್ ಮೀನಿನ ಮೈಯಾಗ ನಮ್ಮಂಗ ಗಟ್ಟಿ ಎಲುಬು ಇಲ್ಲರಿ. ಪೂರಾ ಇಂಥಾ ಮೆತ್ತನ್ನ ಎಲುಬು. ಅದನ್ನ ಒಣಗಿಸಿ ಪುಡಿ ಮಾಡಿ ಈ ಡಬ್ಬಿಯೊಳಗ ತುಂಬ್ಯಾರ," ಎಂದಳು ಅಲಕಾ.

ಅಲಕಾ ಜಮಖಂಡಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವವಳು. ಸೋಮವ್ವನ ಸೊಸೆ ಭಾಗ್ಯಾ ಅವಳ ಹಳೆಯ ವಿದ್ಯಾರ್ಥಿನಿ. ಅತ್ತೆಯ ಎದೆಯ ಗಂಟು ಒಡೆದು ಸೋರತೊಡಗಿದ ಮೇಲೆ ಫೋನ್ ಮಾಡಿ ಕರೆಸಿದ್ದಳು.

ಮಗ ಶಿವಪುತ್ರ ಅಲಕಾಳ ಕೈಯಿಂದ ಡಬ್ಬಿಯನ್ನು ಕಸಿದುಕೊಂಡ. "ಶಾರ್ಕಿಗೆ ಕ್ಯಾನ್ಸರ್ ಬರೂದಿಲ್ಲರಿ. ಮೊಬೈಲ್‌ನಾಗ ನಾನ ನೋಡೀನಿ."

"ಬರ್ತದಪಾ. ಶಾರ್ಕಿನ ಮೈಯೊಳಗೂ ಕ್ಯಾನ್ಸರ್ ಗಂಟು ಸಿಕ್ಕಾವ. ಬರದಿದ್ರೂ, ಅದನ್ನ ತಿಂದವರಿಗೆ ಹೆಂಗ ಗುಣ ಆಗ್ತದ? ಹೊಟ್ಟಿಯೊಳಗ ಉಳಿದ ಊಟದ ಜೋಡಿ ಅದೂ ಕರಗಿ ಹೋಗ್ತದ. ರೋಗಿಗಳಿಗೆ ಕೊಟ್ಟು ಪರೀಕ್ಷಾ ಮಾಡ್ಯಾರ. ಏನೂ ಉಪಯೋಗ ಆಗಿಲ್ಲ."

ಸೋಮವ್ವ ನಕ್ಕಳು. "ಕುರಿ ಗುರುತಿಗೆ ಕಿವಿ ಕತ್ತರಿಸಿ ಎಷ್ಟ ಚೂರು ನಾಯಿಗೆ ಒಗದೇನಿ! ಹಂಗಿದ್ರ ನಮ್ಮ ನಾಯಿ ಸಾಯಬಾರದಿತ್ತ ನೋಡ್ರಿ."

ಕುರಿ ಕಾಯ್ದವಳಿಗೆ ಬೇರೊಂದು ಪ್ರಶ್ನೆ ಹುಟ್ಟಿತು. "ಅದು ಎಷ್ಟ ಮರಿ ಹಾಕತೈತ್ರಿ ಅಕ್ಕಾರ?"

"ಕೆಲವು ಜಾತಿ ಹತ್ತಿರ ಹತ್ತಿರ ಎರಡು ವರ್ಷ ಗಬ್ಬ ಇರ್ತಾವ. ಹಾಕೂದು ಬೆರಳೆಣಿಕಿ ಮರಿ."

"ಎರಡ ವರ್ಷ? ನಮ್ಮ ಕುರಿಗೆ ಐದ ತಿಂಗಳ." ಸೋಮವ್ವ ಮಗನ ಕಡೆ ತಿರುಗಿದಳು. "ಅಂಥಾದ್ನ ಕೊಲ್ಲಿಸಿ ನನಗ ಕುಡಿಸಿದೇನಲೇ?"

ಶಿವಪುತ್ರ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದ.

ಹೋದ ವರ್ಷದ ದೀಪಾವಳಿಯ ಹೊತ್ತಿಗೆ ಆ ಗಂಟು ಬಾರಿಹಣ್ಣಿನಷ್ಟಿತ್ತು. ನೋವಿರಲಿಲ್ಲ. ಈಗಲೇ ಕೊಯ್ದು ತೆಗೆಸಿ ಚಿಕಿತ್ಸೆ ಪಡೆದರೆ ಗುಣವಾಗುವ ಸಾಧ್ಯತೆ ಹೆಚ್ಚು ಎಂದು ವೈದ್ಯೆ ಹೇಳಿದ್ದರು. ಆಪರೇಷನ್ ಎಂಬ ಮಾತಿಗೇ ಹೆದರಿದ ಶಿವಪುತ್ರ ಎಲ್ಲಿಂದಲೋ ಡಬ್ಬಿ ತರಿಸಿದ. ಮನೆದೇವರು ಬೀರಪ್ಪನ ಮುಂದಿಟ್ಟು ಮುಚ್ಚಳಕ್ಕೆ ಭಂಡಾರ ಹಚ್ಚಿದ. ಪುಡಿ ಮುಗಿಯುವ ತನಕ ಮೈಗೆ ಕತ್ತಿ ಮುಟ್ಟಿಸುವುದಿಲ್ಲವೆಂದು ತಾಯಿಯಿಂದ ಆಣೆ ಮಾಡಿಸಿದ. ದೇವರ ಆ ಅರಿಶಿನ ಮುಟ್ಟಿ ಆಡಿದ ಮಾತನ್ನು ಆ ಮನೆಯಲ್ಲಿ ಯಾರೂ ಮುರಿದವರಿಲ್ಲ. ಸೋಮವ್ವನೂ ಮುರಿಯಲಿಲ್ಲ. ಒಂದು ಡಬ್ಬಿ ಮುಗಿಯುವ ಮೊದಲೇ ಇನ್ನೊಂದು ಬರುತ್ತಿತ್ತು. ಆಣೆ ಮುಗಿಯಲೇ ಇಲ್ಲ.

ಮೊನ್ನೆ ಅದೇ ವೈದ್ಯೆ ಪರೀಕ್ಷೆಯ ಚಿತ್ರಗಳನ್ನು ನೋಡಿದರು. ರೋಗ ಎಲುಬಿಗೆ ಇಳಿದಿತ್ತು. ಇನ್ನು ಕೊಯ್ದು ಫಲವಿಲ್ಲ. ಅದರ ಓಟವನ್ನು ನಿಧಾನ ಮಾಡಬಹುದು, ನೋವು ತಗ್ಗಿಸಬಹುದು, ಅಷ್ಟೇ ಎಂದರು.

"ನಾಳೆ ದವಾಖಾನಿಗೆ ಹೋಗೂಣು ಅತ್ತಿ," ಎಂದಳು ಭಾಗ್ಯಾ. "ನೋವಿಗಾದ್ರೂ ಔಷಧ ತರೂಣು."

"ಹೂಂ," ಎಂದಳು ಸೋಮವ್ವ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಎದೆಯನ್ನು ನೀವೇ ಮುಟ್ಟಿ ನೋಡಿಕೊಳ್ಳಿ. ಗಂಟು ಸಿಕ್ಕರೆ, ನೋವಿಲ್ಲವೆಂದು ಸುಮ್ಮನಿರಬೇಡಿ. ಕೂಡಲೇ ವೈದ್ಯರಿಗೆ ತೋರಿಸಿ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಆದರೆ ಅದನ್ನು ಹೇಳಬೇಕಾದದ್ದು ಪರೀಕ್ಷೆ, ಡಬ್ಬಿಯಲ್ಲ. ಗಂಡಸರೇ, ನಿಮ್ಮ ಹೆದರಿಕೆಗೆ ಹೆಂಗಸರಿಂದ ಆಣೆ ಮಾಡಿಸಬೇಡಿ. ಸೋಮವ್ವನ ಹೊತ್ತು ಮೀರಿದೆ. ನಿಮ್ಮದು ಮೀರಿರಲಿಕ್ಕಿಲ್ಲ.

ಅಲಕಾ ಹೋದ ಮೇಲೆ ಶಿವಪುತ್ರ ಹೊಸ ಡಬ್ಬಿ ತೆರೆದ. ಲೋಟದ ಮಜ್ಜಿಗೆಗೆ ಪುಡಿ ಕಲಸಿದ.

"ಡಾಕ್ಟರು ಕೈ ಬಿಟ್ಟಾರ ಯವ್ವಾ. ನಾ ಮತ್ತೇನ ಕೊಡ್ಲಿ ನಿನಗ? ಭಂಡಾರ ಹಚ್ಚೀನಿ, ನೋಡ. ಕುಡಿ."

ಸೋಮವ್ವ ಮುಚ್ಚಳದ ಮೇಲಿನ ಭಂಡಾರವನ್ನು ಹೆಬ್ಬೆರಳಿನಿಂದ ಪೂರ್ತಿ ಒರೆಸಿ ತೆಗೆದು ಹಣೆಗೆ ಹಚ್ಚಿಕೊಂಡಳು.

"ಇದು ಬೀರಪ್ಪಂದು," ಎಂದಳು. ಲೋಟವನ್ನು ಮಗನತ್ತ ಸರಿಸಿದಳು. "ಅದನ್ನ ಒಲ್ಲೆ."