ಕಂಡಕ್ಟರ್ ಇರುವ ಸ್ಪೋರ್ಟ್ಸ್ ಕಾರು

ಡ್ರೈವರ್ ಮತ್ತು ಕಂಡಕ್ಟರ್ ಮೂವತ್ತು ವರ್ಷ ಒಂದೇ ಬಸ್ಸಿನಲ್ಲಿ, ಒಂದೇ ರೂಟಿನಲ್ಲಿ ದುಡಿದವರು. ನಿವೃತ್ತರಾದದ್ದೂ ಒಂದೇ ತಿಂಗಳು. ಡ್ರೈವರನಿಗೆ ಅದು ಅಷ್ಟೇನೂ ತಟ್ಟಲಿಲ್ಲ. ನಲ್ಲಿ ರಿಪೇರಿ, ಹೆಂಡತಿಯ ಮಿಕ್ಸಿ ರಿಪೇರಿ, ತಾನೇ ಮಾಡಿದ ರಿಪೇರಿಯ ರಿಪೇರಿ ಎಂದು ಅವನ ದಿನ ಉರುಳುತ್ತಿತ್ತು. ಕಂಡಕ್ಟರ್ ಮಾತ್ರ ಬಾಯಿ ಮುಚ್ಚಿಕೊಂಡು ಕೂತುಬಿಟ್ಟ. ದಿನಕ್ಕೆ ಸಾವಿರ ಜನರನ್ನು 'ಒಳಗೆ ಹೋಗಿ, ಒಳಗೆ ಖಾಲಿ ಇದೆ' ಎಂದು ಗದರಿಸಿದ ಗಂಟಲಿಗೆ ಈಗ ಮನೆಯಲ್ಲಿ ಗದರಿಸಲು ಯಾರೂ ಇರಲಿಲ್ಲ. ಇದ್ದವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳೊಬ್ಬಳೇ. ಅವಳನ್ನು ಅವನು ಚಿಕ್ಕಂದಿನಿಂದಲೂ ಗದರಿಸಿದವನಲ್ಲ.

ಒಂದು ದಿನ ಆ ಮಗಳು ಡ್ರೈವರನನ್ನು ಬೀದಿಯಲ್ಲೇ ಹಿಡಿದು ನಿಲ್ಲಿಸಿದಳು.

"ಮಾಮ, ಅಪ್ಪ ನಿನ್ನೆ ಇಡೀ ದಿನಕ್ಕೆ ಆಡಿದ್ದು ನಾಲ್ಕೇ ಮಾತು. ಅದರಲ್ಲಿ ಮೂರು 'ಹೂಂ'."

"ಇನ್ನೊಂದು?"

"'ಊಹೂಂ'."

ಡ್ರೈವರ್ ನಕ್ಕ. ಮನೆಗೆ ಬಂದ ಮೇಲೆ ಮಾತ್ರ ಬಿಚ್ಚಿಟ್ಟ ಮಿಕ್ಸಿಯನ್ನು ಜೋಡಿಸದೆ ಹಾಗೇ ಬಿಟ್ಟ.

ಅದೇ ವಾರ ಹಲ್ಲಿನ ಡಾಕ್ಟರು ತಮ್ಮ ಕಾರು ಮಾರುತ್ತಾರೆಂಬ ಸುದ್ದಿ ಬಂತು. ಡ್ರೈವರ್ ಆ ಕಾರನ್ನು ಬಲ್ಲ. ಸಿಗ್ನಲಿನಲ್ಲಿ ಬಸ್ಸಿನ ಪಕ್ಕ ಬಂದು ನಿಂತರೆ ಮೇಲಿನಿಂದ ಅದರ ನೆತ್ತಿಯಷ್ಟೇ ಕಾಣುತ್ತಿತ್ತು. ಬಾಟಲಿ ಹಸಿರು ಬಣ್ಣ, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡ ಹೊಟ್ಟೆ. ದೀಪ ಹಸಿರಾಗುವುದೇ ತಡ, ಅಲ್ಲಿ ಅದು ಇತ್ತೆಂಬ ಗುರುತೂ ಉಳಿಯುತ್ತಿರಲಿಲ್ಲ. ಮೂವತ್ತು ವರ್ಷದ ಹಳೆಯ ವಿದೇಶಿ ಗಾಡಿ. ಡಾಕ್ಟರಿಗೆ ಬೆನ್ನುನೋವು ಬಂದು ಅದರೊಳಗೆ ಇಳಿಯುವುದೂ ಆಗದು, ಇಳಿದರೆ ಏಳುವುದೂ ಆಗದು ಎಂಬ ಸ್ಥಿತಿ. ಡ್ರೈವರ್ ನೇರವಾಗಿ ಕಂಡಕ್ಟರನ ಮನೆಗೆ ಹೋದ.

"ಒಂದು ಗಾಡಿ ಇದೆ. ಅರ್ಧ ನಂದು, ಅರ್ಧ ನಿಂದು. ಏನಂತೀಯ?"

ಕಂಡಕ್ಟರ್ ಗೋಡೆ ನೋಡುತ್ತಾ, "ಹೂಂ," ಅಂದ. ಅಷ್ಟೇ ಸಾಕಾಗಿತ್ತು.

ಡ್ರೈವರನ ಹೆಂಡತಿ ಸುದ್ದಿ ಕೇಳಿ ಸೊಂಟದ ಮೇಲೆ ಕೈಯಿಟ್ಟಳು. "ಮೂವತ್ತು ವರ್ಷ ಐವತ್ತು ಜನ ಕೂರೋ ಗಾಡಿ ಓಡ್ಸಿದ್ರಿ, ಒಂದು ದಿನ ನನ್ನ ಸುತ್ತಾಡಿಸಲಿಲ್ಲ. ಈಗ ಇಬ್ಬರೇ ಕೂರೋದು ತಂದಿದೀರ, ಆ ಇನ್ನೊಬ್ಬರೂ ಕಂಡಕ್ಟ್ರು. ನಾನೇನು ಟಾಪ್ ಮೇಲೆ ಕೂರ್ಲಾ?"

ಮೊದಲ ದಿನ ಮುಂದಿನ ಮುಚ್ಚಳ ಎತ್ತಿದ ಡ್ರೈವರ್ ಬೆಚ್ಚಿಬಿದ್ದ. ಒಳಗೆ ಒಂದು ಸ್ಪೇರ್ ಟೈರು, ಒಂದು ಬಟ್ಟೆಚೀಲ, ಮತ್ತೇನಿಲ್ಲ. ಎಂಜಿನ್ ಹಿಂದಿದೆ ಎಂದು ಗೊತ್ತಾಗುವ ಹೊತ್ತಿಗೆ ಅವನು ಡಾಕ್ಟರನ್ನು ಮನಸ್ಸಿನಲ್ಲೇ ಎರಡು ಸಲ ಪೊಲೀಸರ ಕೈಗೆ ಒಪ್ಪಿಸಿಯಾಗಿತ್ತು. ಗಾಡಿಯ ಜೊತೆ ದಪ್ಪದೊಂದು ಪುಸ್ತಕ ಬಂದಿತ್ತು. ಇಬ್ಬರಿಗೂ ಬಾರದ ಭಾಷೆಯಲ್ಲಿದ್ದುದರಿಂದ ಚಿತ್ರ ನೋಡಿ ಮುಚ್ಚಿಟ್ಟರು.

ಡ್ರೈವರನ ಓಣಿ ಇಕ್ಕಟ್ಟು. ಗಾಡಿ ನಿಂತದ್ದು ಕಂಡಕ್ಟರನ ಮನೆ ಮುಂದಿನ ತಗಡಿನ ಶೆಡ್ಡಿನಲ್ಲಿ. ಅಲ್ಲಿಂದ ದೊಡ್ಡ ರಸ್ತೆಗೆ ಒಂಬತ್ತು ಹಂಪು. ಒಂದೊಂದು ಹಂಪಿಗೂ ಗಾಡಿಯ ಹೊಟ್ಟೆ ಉಜ್ಜುತ್ತಿತ್ತು. ಮೂರನೇ ದಿನ ಕಂಡಕ್ಟರ್ ತಾನಾಗಿ ಬಾಗಿಲು ತೆಗೆದು, ಮೊಣಕಾಲೂರಿ ಹೊರಗೆ ಬಂದು, ಹಂಪಿನ ಪಕ್ಕ ಬಗ್ಗಿ ಕೂತ. "ಬರ್ಲಿ... ಬರ್ಲಿ... ಸ್ವಲ್ಪ ಎಡಕ್ಕೆ... ಹೋಲ್ಡಾನ್!" ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. ಆ ಗಂಟಲು ಕೇಳಿ ಎಷ್ಟು ತಿಂಗಳಾಗಿತ್ತೋ. ಡ್ರೈವರ್ ಹೇಳಿದಷ್ಟೇ ಎಡಕ್ಕೆ ಸ್ಟೇರಿಂಗ್ ತಿರುಗಿಸಿದ. ಒಂಬತ್ತು ಹಂಪಿಗೂ ಕಂಡಕ್ಟರ್ ಇಳಿದ, ಒಂಬತ್ತು ಸಲವೂ ಹತ್ತಿದ. ದೊಡ್ಡ ರಸ್ತೆಗೆ ಬಂದ ಮೇಲೆ ಸೈಕಲ್ಲಿನವರನ್ನು ಬೈದ, ಹೊಸ ಬಸ್ಸುಗಳ ಬಣ್ಣವನ್ನು ಹಳಿದ, ಮಗಳಿಗೆ ಬಂದ ಸಂಬಂಧವೊಂದರ ವಿಚಾರ ಎತ್ತಿದ. ರಾತ್ರಿ ಡ್ರೈವರನಿಗೆ ಆ ಮಗಳಿಂದ ಫೋನು ಬಂತು: "ಅಪ್ಪ ಇವತ್ತು ನನ್ನ ಜೊತೆ ಜಗಳ ಆಡಿದ್ರು." ಅವಳ ದನಿಯಲ್ಲಿ ಸಂತೋಷವಿತ್ತು.

ಈ ಸುಖಕ್ಕೆ ಹನ್ನೊಂದೇ ದಿನ ಆಯಸ್ಸು. ಹನ್ನೆರಡನೇ ದಿನ ಸೈಲೆನ್ಸರಿನಿಂದ ನೀಲಿ ಹೊಗೆ ಎದ್ದಿತು. ಅದೂ ಬೀಡಿ ಹೊಗೆಯಷ್ಟಲ್ಲ, ಹಿಂದೆ ಬರುತ್ತಿದ್ದ ಸ್ಕೂಟರಿನವನು ಕಾಣದಷ್ಟು. ಹೇಗೋ ಶೆಡ್ಡಿಗೆ ತಂದು ನಿಲ್ಲಿಸಿದರು. ಹಳೇ ಗಾಡಿ ಕೊಳ್ಳುವವನೊಬ್ಬ, ವಾಸನೆ ಹಿಡಿದವನಂತೆ, ಮಾರನೆಯ ದಿನವೇ ಬಂದು ನಿಂತ.

"ಎಂಜಿನ್ ಬೋರಿಗೆ ಬಂದಿದೆ ಯಜಮಾನ್ರೇ, ಒಳಗೆಲ್ಲ ಸವೆದುಹೋಗಿದೆ. ಬಿಚ್ಚಿದ್ರೆ ಸಾಮಾನು ಈ ದೇಶದಲ್ಲಿ ಸಿಗಲ್ಲ. ಶುಕ್ರವಾರ ಬರ್ತೀನಿ, ಎತ್ತಾಕ್ಕೊಂಡು ಹೋಗ್ತೀನಿ. ನಿಮಗೂ ತಲೆನೋವು ತಪ್ಪುತ್ತೆ."

ಡ್ರೈವರ್ ಕಂಡಕ್ಟರನ ಕಡೆ ನೋಡಿದ. ಕಂಡಕ್ಟರ್ ಶೆಡ್ಡಿನ ತಗಡು ನೋಡುತ್ತಿದ್ದ.

"ಕೊಟ್ಟುಬಿಡೋಣ," ಅಂದ. ಆಮೇಲೆ ಒಳಗೆ ಹೋಗಿ ಅದೇ ಹಳೆಯ ಕುರ್ಚಿಯಲ್ಲಿ ಕೂತ. ಬುಧವಾರ, ಗುರುವಾರ ಅವನ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ.

ಡ್ರೈವರನಿಗೆ ಗಾಡಿಯ ಚಿಂತೆಗಿಂತ ಆ ಕುರ್ಚಿಯ ಚಿಂತೆ ಹತ್ತಿತು. ಗಾಡಿ ಹೋದರೆ ಹೋಗಲಿ, ಎರಡು ಚಕ್ರ ಹೆಚ್ಚಿರುವ ಸೈಕಲ್ಲು ಕಳೆದುಹೋಯಿತು ಅಂದುಕೊಂಡರಾಯಿತು. ಆದರೆ ಕಂಡಕ್ಟರ್ ಈ ಸಲ ಆ ಕುರ್ಚಿ ಹಿಡಿದರೆ ಮತ್ತೆ ಎಬ್ಬಿಸಲು ಯಾವ ಗಾಡಿ ತರುವುದು? ಗುರುವಾರ ಮಧ್ಯಾಹ್ನ ಅವನು ಜಗಳಕ್ಕೆ ಸಿದ್ಧನಾಗಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ನುಗ್ಗಿದ. ಡಾಕ್ಟರು ಯಾರದೋ ಬಾಯಿಯೊಳಗೆ ಕನ್ನಡಿ ಇಟ್ಟುಕೊಂಡೇ ಎಲ್ಲ ಕೇಳಿದರು.

"ಹೊಗೆನಾ? ನನ್ನ ಹತ್ರ ಇದ್ದಾಗ ಒಂದು ದಿನ ಹೊಗೆ ಬಂದಿಲ್ಲವಲ್ಲ. ಹಳೇ ಗೋದಾಮಿನಲ್ಲಿ ಒಬ್ಬಾಕೆ ಗ್ಯಾರೇಜು ಇಟ್ಟಿದ್ದಾರೆ. ಹನ್ನೆರಡು ವರ್ಷ ಅವರೇ ನೋಡಿಕೊಂಡಿದ್ದು. ಅಲ್ಲಿ ತೋರಿಸಿ."

"ಇದನ್ನ ಮೊದಲೇ ಹೇಳೋದಲ್ವಾ ಸಾರ್?"

"ನೀವು ಬಸ್ಸಿನವರು. ಗಾಡಿ ವಿಷಯದಲ್ಲಿ ನಿಮಗೆ ನಾನು ಹೇಳೋದೇನು ಅಂತ ಸುಮ್ಮನಾದೆ." ಕುರ್ಚಿಯಲ್ಲಿದ್ದ ರೋಗಿಯೂ ಬಾಯಿ ತೆರೆದುಕೊಂಡೇ ತಲೆಯಾಡಿಸಿದ.

ಶುಕ್ರವಾರ ಬೆಳಿಗ್ಗೆ, ಕೊಳ್ಳುವವನು ಬರುವ ಮೊದಲೇ ಡ್ರೈವರ್ ಕಂಡಕ್ಟರನನ್ನು ಕುರ್ಚಿಯಿಂದ ಎಬ್ಬಿಸಿದ. "ಡಾಕ್ಟರು ಒಂದು ಗ್ಯಾರೇಜು ಹೇಳಿದಾರೆ. ಹಂಪು ದಾಟಿಸೋಕೆ ಒಬ್ಬರು ಬೇಕು. ಬಾ."

ಗ್ಯಾರೇಜಿನಾಕೆಗೆ ಐವತ್ತರ ಹತ್ತಿರ ವಯಸ್ಸು, ಮೊಣಕೈವರೆಗೆ ಮಸಿ, ಕಿವಿಯ ಮೇಲೊಂದು ಪೆನ್ಸಿಲ್ಲು. ಹೊಗೆಯ ಮೋಡದೊಂದಿಗೆ ಒಳಗೆ ಬಂದ ಗಾಡಿಯನ್ನು ಕಂಡು ಅವಳು ಗಾಬರಿಯಾಗಲಿಲ್ಲ. ಎಂಜಿನ್ ನಿಲ್ಲಿಸಿ, ಹಿಂದಿನ ಮುಚ್ಚಳ ಎತ್ತಿ, ಗಾಳಿ ಎಳೆಯುವ ಕೊಳವೆಯೊಳಗೆ ಬೆರಳಿಟ್ಟಳು. ಬೆರಳು ಎಣ್ಣೆಯಲ್ಲಿ ಮಿಂದು ಬಂತು.

"ಆಯಿಲ್ ಹಾಕೋರು ಯಾರು?"

"ನಾನು," ಅಂದ ಡ್ರೈವರ್. "ದಿನಾ ಬೆಳಿಗ್ಗೆ ಆರಕ್ಕೆ ಆಯಿಲ್ ಅಳೆಯೋ ಕಡ್ಡಿ ಎಳೆದು ನೋಡ್ತೀನಿ. ಡಿಪೋದಲ್ಲಿ ಮೂವತ್ತು ವರ್ಷ ಅದೇ ಪದ್ಧತಿ. ಎಂಜಿನ್ ತಣ್ಣಗಿರಬೇಕು, ಮೊದಲ ಟ್ರಿಪ್ಪಿಗೆ ಮುಂಚೆ."

"ಕಮ್ಮಿ ಇರ್ತಿತ್ತಾ?"

ಡ್ರೈವರ್ ಕಂಡಕ್ಟರನ ಕಡೆ ನೋಡದೆ ತಗ್ಗಿದ ದನಿಯಲ್ಲಿ ಹೇಳಿದ. "ದಿನಾ ಕಮ್ಮಿ. ಅರ್ಧ ಲೀಟರ್ ಹಾಕ್ತಿದ್ದೆ. ಇವನಿಗೆ ಹೇಳಿರಲಿಲ್ಲ. ಗಾಡಿ ಆಯಿಲ್ ಕುಡೀತಾ ಇದೆ, ಮೋಸ ಹೋದ್ವಿ ಅಂತ ಗೊತ್ತಾದ್ರೆ ಮತ್ತೆ ಮಂಕಾಗ್ತಾನೆ ಅಂತ."

ಕಂಡಕ್ಟರ್ ಗಂಟಲು ಸರಿಮಾಡಿಕೊಂಡ.

"ನಾನೂ ಹಾಕ್ತಿದ್ದೆ."

"ಏನು?"

"ಸಾಯಂಕಾಲ. ನೀನು ಮನೆಗೆ ಹೋಗಿ ಗಾಡಿ ತಣ್ಣಗಾದ ಮೇಲೆ. ಕಡ್ಡಿ ನೋಡಿದ್ರೆ ಕಮ್ಮಿ ತೋರಿಸ್ತಿತ್ತು. ನೀನು ಬೆಳಿಗ್ಗೆ ನೋಡಿದ್ರೆ ಮನಸ್ಸು ಕೆಡಿಸ್ಕೊಂಡು ಮಾರಿಬಿಡ್ತೀಯ ಅಂತ."

"ಎಷ್ಟು ಹಾಕ್ತಿದ್ದೆ?"

"ನಿನ್ನಷ್ಟೇ."

ಗ್ಯಾರೇಜಿನಾಕೆ ಪೆನ್ಸಿಲ್ಲಿನಿಂದ ತಲೆ ಕೆರೆದುಕೊಂಡಳು. ನಗು ತಡೆಯಲು ಅವಳಿಗೆ ಅದೊಂದೇ ದಾರಿ ಕಂಡಿರಬೇಕು.

"ನೋಡಿ ಸಾರ್, ಬಸ್ಸಿನ ಎಂಜಿನ್ನಿಗೆ ಆಯಿಲ್ ಕೆಳಗಿನ ತಟ್ಟೇಲಿ ಇರುತ್ತೆ. ಇದಕ್ಕೆ ಬೇರೆ ಟ್ಯಾಂಕು. ಕಡ್ಡಿ ಇರೋದು ಆ ಟ್ಯಾಂಕಲ್ಲಿ. ಗಾಡಿ ನಿಂತು ತಣ್ಣಗಾದ್ರೆ ಆಯಿಲ್ ಟ್ಯಾಂಕಿಂದ ಎಂಜಿನ್ನಿಗೆ ಇಳಿದುಬಿಡುತ್ತೆ. ಕಡ್ಡಿ ಎಳೆದ್ರೆ ಕಮ್ಮಿ ಕಾಣದೆ ಇನ್ನೇನು? ಇದನ್ನ ಬಿಸಿ ಇರುವಾಗ, ಎಂಜಿನ್ ಓಡ್ತಾ ಇರುವಾಗಲೇ ನೋಡಬೇಕು. ನೀವಿಬ್ಬರೂ ಸೇರಿ ತುಂಬಿದ ಹೊಟ್ಟೆಗೇ ತುರುಕಿದೀರ. ಅದು ಕಕ್ಕಿದೆ, ಅಷ್ಟೇ."

"ಹಾಗಾದ್ರೆ ಬೋರು?" ಡ್ರೈವರನಿಗೆ ಇನ್ನೂ ನಂಬಿಕೆ ಬಾರದು.

"ಬೋರೂ ಇಲ್ಲ, ಗೀರೂ ಇಲ್ಲ. ಕಲ್ಲುಗುಂಡು ಇದ್ದ ಹಾಗಿದೆ."

ಹೆಚ್ಚಾದದ್ದನ್ನು ಅವಳು ಬಕೀಟಿಗೆ ಇಳಿಸಿದಳು, ಕೊಳವೆ ಒರೆಸಿದಳು, ಪ್ಲಗ್ಗು ತೊಳೆದಳು. ಬಕೀಟು ತುಂಬುತ್ತಿರುವುದನ್ನು ಇಬ್ಬರೂ ಅಕ್ಕಪಕ್ಕ ನಿಂತು ತಪ್ಪು ಮಾಡಿದ ಮಕ್ಕಳಂತೆ ನೋಡಿದರು. ಆಗಲೇ ಕಂಡಕ್ಟರನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹಳೇ ಗಾಡಿ ಕೊಳ್ಳುವವನು ಶೆಡ್ಡಿನ ಮುಂದೆ ನಿಂತಿದ್ದ.

ಅರ್ಧ ಗಾಡಿ ಕಂಡಕ್ಟರನದು. ಕೊಡುವೆನೆಂದು ಮಾತು ಕೊಟ್ಟವನೂ ಅವನೇ.

"ಯಾರು? ಹಾಂ, ಹಾಂ," ಅಂದ ಕಂಡಕ್ಟರ್. "ಗಾಡಿ ಇಲ್ಲಪ್ಪ, ಟ್ರಿಪ್ಪಿಗೆ ಹೋಗಿದೆ... ಯಾವಾಗ ಬರುತ್ತೆ? ಅದಕ್ಕೆ ಟೈಮ್‌ ಟೇಬಲ್ ಇಲ್ಲ... ಇಲ್ಲ, ನಾಳೇನೂ ಬೇಡ. ಆ ರೂಟೇ ಕ್ಯಾನ್ಸಲ್ ಮಾಡಿದೀವಿ." ಫೋನು ಜೇಬಿಗಿಟ್ಟು, ಡ್ರೈವರನ ಮುಖ ನೋಡಿ, "ಏನು ಹಲ್ಲು ಕಿಸೀತೀಯ? ಡಾಕ್ಟರ ಹತ್ರ ಹೋಗಿದ್ದೆಯಲ್ಲ, ತೋರಿಸ್ಕೊಂಡು ಬರಬೇಕಿತ್ತು," ಅಂದ.

ಹೊರಡುವಾಗ ಗ್ಯಾರೇಜಿನಾಕೆ ಕಿಟಕಿಗೆ ಬಗ್ಗಿದಳು. "ಒಂದು ಮಾತು. ಕಡ್ಡಿ ನೋಡೋ ಮೊದಲು ಇಪ್ಪತ್ತು ನಿಮಿಷ ಓಡಿಸಲೇಬೇಕು. ಒಬ್ಬರು ಎಂಜಿನ್ ಆನ್ ಇಟ್ಕೊಂಡು ಕೂತಿರಿ, ಇನ್ನೊಬ್ಬರು ಇಳಿದು ನೋಡಿ. ಒಬ್ಬರ ಕೈಲಿ ಆಗೋ ಕೆಲಸ ಅಲ್ಲ ಇದು. ಅರ್ಥ ಆಯ್ತಾ ಸಾರ್?"

ಇಬ್ಬರಿಗೂ ಅರ್ಥವಾಗಿತ್ತು.

ದೊಡ್ಡ ರಸ್ತೆಯಲ್ಲಿ ಮೊದಲ ಐದು ನಿಮಿಷ ಕೊಳವೆಯಲ್ಲಿ ಉಳಿದಿದ್ದ ಎಣ್ಣೆ ಉರಿದು ಹೊಗೆ ಬಂತು. ಆಮೇಲೆ ತೆಳುವಾಯಿತು, ಆಮೇಲೆ ಕನ್ನಡಿಯಲ್ಲಿ ಹಿಂದಿನ ರಸ್ತೆ ಚೊಕ್ಕವಾಗಿ ಕಂಡಿತು. ಎಂಜಿನ್ನಿನ ಸದ್ದು ಬೆನ್ನಿಗೆ ಒರಗಿಕೊಂಡಂತೆ ಹಿತವಾಗಿತ್ತು. ಕಂಡಕ್ಟರ್ ಕಿಟಕಿಗೆ ಮೊಣಕೈ ಕೊಟ್ಟು, ಮಗಳಿಗೆ ಬಂದ ಸಂಬಂಧದ ಹುಡುಗ ಮಾತು ಬಲ್ಲವನೋ ಮೂಗನೋ ಎಂದು ವಿಚಾರಿಸಬೇಕು, ಮನೆಯಲ್ಲಿ ಮೂಗರಿದ್ದರೆ ಕಷ್ಟ ಎಂದು ಗಂಭೀರವಾಗಿ ಹೇಳಿದ. ಡ್ರೈವರ್ ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರ್ ಆಗಲೇ ಮುಂದಿನ ವಿಷಯಕ್ಕೆ ಹೋಗಿದ್ದ.

ಮನೆಯ ಕಡೆಗೆ ತಿರುಗುವ ಕವಲು ಬಂತು. ಡ್ರೈವರ್ ಇಂಡಿಕೇಟರ್ ಹಾಕಿದ.

"ಎಲ್ಲಿಗೆ?" ಅಂದ ಕಂಡಕ್ಟರ್.

"ಮನೆಗೆ. ಶೆಡ್ಡಲ್ಲಿ ನಿಲ್ಲಿಸಿ ಕಡ್ಡಿ ನೋಡೋಣ."

"ಇನ್ನೂ ಬಿಸಿಯಾಗಿಲ್ಲ. ನೇರ ಹೋಗು."

ಬಿಸಿ ತೋರಿಸುವ ಮುಳ್ಳು ನಟ್ಟನಡುವೆ ಬಂದು ನಿಂತು ಆಗಲೇ ಹದಿನೈದು ನಿಮಿಷವಾಗಿತ್ತು. ಅದು ಕಂಡಕ್ಟರನ ಕಣ್ಣೆದುರಿಗೇ ಇತ್ತು. ಡ್ರೈವರ್ ಇಂಡಿಕೇಟರ್ ತೆಗೆದು ನೇರವಾಗಿ ಹೊರಟ.